ಅಪ್ಪ ಕೊಟ್ಟ ಔಟು

ನನ್ನ ಮಗಳು ಸಿರಿಗೆ ಈಚೆಗೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಆಡುವ ಹುಚ್ಚಲ್ಲ, ನೋಡುವ ಹುಚ್ಚು. ನಮ್ಮ ಹೊಳಲ್ಕೆರೆಯಲ್ಲಿ ಆ ಆಟಕ್ಕೆ ಬೇಕಾದ ದೊಣ್ಣೆ ಬೇಕಾದರೆ ಸಿಕ್ಕೀತು, ಮಿಕ್ಕ ಸರಂಜಾಮು ಸಿಕ್ಕಲಾರದು. ಆದರೆ ಮೊಬೈಲಿನಲ್ಲಿ ಸಿಗದಿರುವುದು ಏನಿದೆ ಹೇಳಿ. ಅವಳಿಗೂ ಆಟಕ್ಕಿಂತ ಅದರಲ್ಲಿ ನಡೆಯುವ ಜಗಳವೇ ಇಷ್ಟ. ತಂಡದ ಯಜಮಾನನೊಬ್ಬ, ಹೊಟ್ಟೆ ಬಂದ ಮನುಷ್ಯ, ದಡದಡ ಓಡಿಬಂದು ಅಂಪೈರ್ ಮುಂದೆ ಮೂಗಿಗೆ ಮೂಗು ತಾಗಿಸಿ ನಿಂತು ಕಿರುಚುತ್ತಾನೆ. ಟೋಪಿ ಎಸೆಯುತ್ತಾನೆ. ಕಾಲಿನಿಂದ ಮಣ್ಣು ಚಿಮ್ಮುತ್ತಾನೆ. ಅಂಪೈರ್ ಮಾತ್ರ ಕಲ್ಲುಬಸವಣ್ಣನ ಹಾಗೆ ನಿಂತಿರುತ್ತಾನೆ. ಇದನ್ನು ಅವಳು ಒಬ್ಬಳೇ ನೋಡಿದರೆ ತೃಪ್ತಿಯಿಲ್ಲ, ಅಜ್ಜನ ಪಕ್ಕ ಕೂತು ಅಜ್ಜನಿಗೂ ತೋರಿಸಬೇಕು.

ಅಜ್ಜ ಎಂದರೆ ನನ್ನಪ್ಪ. ಹೊಸದುರ್ಗದಲ್ಲಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅಮ್ಮ ಹೋದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಮೊನ್ನೆ ಸಂಜೆ ಇಬ್ಬರೂ ಜಗಲಿಯಲ್ಲಿ ಕೂತಿದ್ದರು. ನಾನು ಒಳಗೆ ಅವರೆಕಾಯಿ ಸುಲಿಯುತ್ತಿದ್ದೆ.

"ಯಾಕವ್ವ ಹಂಗೆ ಬೈತಾನೆ ಅವನು?" ಅಪ್ಪ ಕೇಳಿದರು.

"ಅಂಪೈರ್ ತಪ್ಪು ಕೊಟ್ಟ ಅಂತ ಅಜ್ಜ."

"ಬೈದ್ರೆ ಬದಲಾಯಿಸ್ತಾನಾ?"

"ಇಲ್ಲ, ಬೈದವರನ್ನೇ ಆಚೆಗೆ ಕಳಿಸ್ತಾನೆ."

"ಹಂಗಿರಬೇಕು!" ಎಂದು ಅಪ್ಪ ತೊಡೆ ತಟ್ಟಿದ ಸದ್ದು ಒಳಗಿದ್ದ ನನಗೂ ಕೇಳಿತು.

ಸಿರಿ ಇನ್ನೊಂದು ತೋರಿಸಿದಳು. ಅದರಲ್ಲಿ ಅಂಪೈರುಗಳು ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಯಾರದೋ ಮಾತು ಕೇಳಿ, ಆಮೇಲೆ ತಾವೇ ಕೊಟ್ಟಿದ್ದ ತೀರ್ಪನ್ನು ತಿರುಗಿಸುತ್ತಾರಂತೆ.

"ಕಿವಿಗೆ ಯಾರು ಹೇಳ್ತಾರವ್ವ?"

"ಎಲ್ಲೋ ಬೇರೆ ಊರಲ್ಲಿ ಟಿ.ವಿ. ಮುಂದೆ ಕೂತಿರ್ತಾರೆ ಅಜ್ಜ. ಅವರಿಗೆ ಎಲ್ಲಾ ಕಡೆಯಿಂದಲೂ ಕಾಣುತ್ತೆ."

ಅಪ್ಪ ಅದನ್ನು ಇನ್ನೊಮ್ಮೆ ಹಾಕಿಸಿಕೊಂಡರು. ಆಮೇಲೆ, "ಅಷ್ಟು ದೂರದಿಂದ ಕಾಣ್ತೈತಾ?" ಎಂದರು. "ನನಗೆ ಹತ್ತಡಿ ದೂರದಿಂದ ಕಾಣಲಿಲ್ಲ ನೋಡು."

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಇಷ್ಟು ವರ್ಷವಾದ ಮೇಲೂ ಅಪ್ಪನಿಗೆ ಆ ಹತ್ತಡಿ ನೆನಪಿದೆ. ನನಗಂತೂ ಇದ್ದೇ ಇದೆ, ಏಕೆಂದರೆ ಅವತ್ತು ಔಟಾದವಳು ನಾನು.

ಅದಕ್ಕೆ ಮೊದಲು ನಮ್ಮ ಮನೆಯ ನ್ಯಾಯಪದ್ಧತಿಯನ್ನು ನಿಮಗೆ ಹೇಳಬೇಕು. ಅಪ್ಪನ ಸೀಟಿ ದೇವರಗೂಡಿನ ಪಕ್ಕದ ಮೊಳೆಯಲ್ಲಿ, ಕಪ್ಪು ದಾರದಲ್ಲಿ ನೇತಾಡುತ್ತಿತ್ತು. ಬೆಳಗ್ಗೆ ನಾವು ಏಳುತ್ತಿದ್ದುದು ಕೋಳಿ ಕೂಗಿಗಲ್ಲ, ಆ ಸೀಟಿಗೆ. ನನಗೂ ತಮ್ಮನಿಗೂ ಜಗಳವಾದರೆ ಅಪ್ಪ ಇಬ್ಬರನ್ನೂ ಎದುರು ನಿಲ್ಲಿಸಿ, ಎರಡೂ ಕಡೆಯ ಮಾತು ಕೇಳಿ, ಸರಕ್ಕನೆ ಕೈ ಎತ್ತಿ ಒಬ್ಬರ ಕಡೆ ತೋರಿಸುತ್ತಿದ್ದರು. ಅಲ್ಲಿಗೆ ಮುಗಿಯಿತು. ಮೇಲ್ಮನವಿ ಇಲ್ಲ.

ಒಮ್ಮೆ ಮನೆಯಲ್ಲಿ ಬಲಿತ ತೆಂಗಿನಕಾಯಿ ಒಡೆದಾಗ ಒಳಗೆ ಹೂವು ಸಿಕ್ಕಿತ್ತು. ಮೊಳಕೆ ಬಂದ ಕಾಯಿಯೊಳಗೆ ಬೆಳ್ಳಗೆ, ಮೆತ್ತಗೆ, ಸಿಹಿಯಾಗಿ ಇರುತ್ತದಲ್ಲ, ಅದು. ತೆಂಗಿನ ಸೀಮೆಯ ಮಕ್ಕಳಿಗೆ ಅದಕ್ಕಿಂತ ದೊಡ್ಡ ತಿಂಡಿಯಿಲ್ಲ. ನನ್ನ ಪಾಲಿನ ಅರ್ಧವನ್ನು ಅಮ್ಮ ಬಟ್ಟಲಲ್ಲಿ ಮುಚ್ಚಿಟ್ಟಿದ್ದಳು. ಶಾಲೆಯಿಂದ ಬಂದು ನೋಡಿದರೆ ಬಟ್ಟಲು ಖಾಲಿ. ಅಪ್ಪ ವಿಚಾರಣೆ ಮಾಡಿ ತಮ್ಮನ ಕಡೆ ಕೈ ತೋರಿಸಿದರು. ಅವನು ಗೋಳೋ ಎಂದು ಅತ್ತ. ರಾತ್ರಿ ಊಟದ ಹೊತ್ತಿಗೆ ನಮ್ಮ ಅಜ್ಜಿ, ಅಪ್ಪನ ತಾಯಿ, "ಆ ಹೂವು ಸ್ವಲ್ಪ ಸಪ್ಪಗಿತ್ತು ಕಣೇ ಈ ಸಲ" ಎಂದು ಅಮ್ಮನಿಗೆ ಹೇಳಿದಾಗ ಎಲ್ಲರೂ ಅಪ್ಪನ ಮುಖ ನೋಡಿದೆವು. ಅಪ್ಪ ತಲೆ ಎತ್ತದೆ ಸಾರು ಸುರಿದುಕೊಂಡು, "ಕೊಟ್ಟಿದ್ದು ಕೊಟ್ಟಿದ್ದೇ" ಎಂದರು.

ಅಮ್ಮ ಅದಕ್ಕೊಂದು ಗಾದೆಯನ್ನೇ ಕಟ್ಟಿದ್ದಳು. "ಮರದಿಂದ ಬಿದ್ದ ಕಾಯಿ, ನಿಮ್ಮಪ್ಪನ ಬಾಯಿಂದ ಬಿದ್ದ ಮಾತು, ಎರಡೂ ವಾಪಸ್ ಮ್ಯಾಲಕ್ಕೆ ಹೋಗಲ್ಲ."

ಅಪ್ಪನಿಗೆ ಅದು ಹಟವಾಗಿರಲಿಲ್ಲ, ಧರ್ಮವಾಗಿತ್ತು. ತಾಲ್ಲೂಕಿನಲ್ಲಿ ಎಲ್ಲಿ ಖೋಖೋ ನಡೆದರೂ ಸೀಟಿ ಹಿಡಿದು ಹೋಗುತ್ತಿದ್ದವರು ಅವರು. ಗಲಾಟೆ ಮಾಡುವ ಊರುಗಳಿದ್ದವು, ಕಲ್ಲು ತೂರುವ ಊರುಗಳೂ ಇದ್ದವು. ಒಂದು ಸಲ ಹೆದರಿ ತೀರ್ಪು ಬದಲಾಯಿಸಿದರೆ ಆಮೇಲೆ ಪ್ರತಿ ಔಟಿಗೂ ಊರು ಮೈದಾನಕ್ಕಿಳಿಯುತ್ತದೆ ಎನ್ನುವುದು ಅವರ ಅನುಭವದ ಮಾತು. ಅವರ ಗೆಳೆಯ ಖಾದರ್ ಮೇಷ್ಟ್ರು ಇನ್ನೊಂದು ಶಾಲೆಯ ಡ್ರಿಲ್ ಮಾಸ್ತರರು, ಅಪ್ಪನ ಜೊತೆಗೆ ಇನ್ನೊಂದು ಬದಿಯ ಅಂಪೈರು. ಅವರು ಸ್ವಲ್ಪ ಮೆದು. "ಸಾರ್, ನಿಮ್ಮ ಸೀಟಿಗೆ ಉಸಿರು ಒಳಗೆ ಎಳ್ಕಳೋದು ಗೊತ್ತೇ ಇಲ್ಲ, ಬರೀ ಊದೋದೇ" ಎಂದು ರೇಗಿಸುತ್ತಿದ್ದರು.

ಈಗ ನನ್ನ ವಿಷಯ. ಇವತ್ತು ನನ್ನನ್ನು ನೋಡಿದವರು ನಂಬಲಿಕ್ಕಿಲ್ಲ. ಚಿತ್ರದುರ್ಗದ ಬಸ್ಸು ಹೊರಟುಬಿಟ್ಟರೆ ನಾನು ಅದರ ಹಿಂದೆ ಓಡುವುದಿಲ್ಲ, ಇನ್ನೊಂದು ಬರುತ್ತದೆ ಎಂದು ನಿಂತುಕೊಳ್ಳುವ ಹೆಂಗಸು. ಆದರೆ ಎಂಟನೆಯ ತರಗತಿಯಲ್ಲಿ ನಾನು ನಮ್ಮ ಹೆಣ್ಣುಮಕ್ಕಳ ಶಾಲೆಯ ಖೋಖೋ ತಂಡದ ಕೊನೆಯ ಆಸರೆ. ವೇಗ ಏನೂ ಇರಲಿಲ್ಲ. ಇದ್ದದ್ದು ತಿರುಗುವ ವಿದ್ಯೆ. ಕಂಬದ ಹತ್ತಿರ ಅಟ್ಟಿಸಿಕೊಂಡು ಬಂದವಳಿಗೆ ಈ ಕಡೆ ಎಂದು ಭುಜ ತೋರಿಸಿ ಆ ಕಡೆಗೆ ಜಾರಿಕೊಳ್ಳುತ್ತಿದ್ದೆ. ಇದನ್ನು ಕಲಿತದ್ದು ಮೈದಾನದಲ್ಲಲ್ಲ, ಎಣ್ಣೆ ಹಚ್ಚಲು ಹಿಡಿಯಬರುವ ಅಜ್ಜಿಯಿಂದ ತಪ್ಪಿಸಿಕೊಂಡು.

ಆ ವರ್ಷ ತಾಲ್ಲೂಕು ಫೈನಲ್ ನಮಗೂ ಮಾರಿಕಣಿವೆ ಹಿನ್ನೀರಿನ ಕಡೆಯ ಒಂದು ಹಳ್ಳಿಯ ಶಾಲೆಗೂ. ಗೆದ್ದವರು ಜಿಲ್ಲಾ ಪಂದ್ಯಕ್ಕೆ ಚಿತ್ರದುರ್ಗಕ್ಕೆ ಹೋಗುವುದು. ಮಗಳು ಆಡುವ ಪಂದ್ಯಕ್ಕೆ ತಾವು ಅಂಪೈರ್ ಆಗುವುದಿಲ್ಲವೆಂದು ಅಪ್ಪ ಮೊದಲೇ ಹೇಳಿದ್ದರು. ಆದರೆ ಬರಬೇಕಿದ್ದ ಮೇಷ್ಟ್ರು ಜ್ವರ ಬಂದು ಮಲಗಿದರು. ಬೇರೆ ಯಾರೂ ಇರಲಿಲ್ಲ. ಖಾದರ್ ಮೇಷ್ಟ್ರು ಮನೆಗೇ ಬಂದು, "ಬರ್ರಿ ಸಾರ್. ನಿಮ್ಮ ಮಗಳಿಗೆ ಔಟ್ ಕೊಡಾಕೆ ನಿಮಗೆ ಸಂಕಟ ಆದ್ರೆ ನಾನು ಕೊಡ್ತೀನಿ" ಎಂದು ಎಬ್ಬಿಸಿಕೊಂಡು ಹೋದರು.

ಹೊರಡುವಾಗ ಅಪ್ಪ ನನ್ನ ಕಡೆ ತಿರುಗಿ, "ಉಮಾ, ಗ್ರೌಂಡಲ್ಲಿ ನಾನು ನಿಮ್ಮಪ್ಪ ಅಲ್ಲ" ಎಂದರು.

ಮನೆಯಲ್ಲಿಯೂ ಅಷ್ಟಕ್ಕಷ್ಟೆ ಎಂದುಕೊಂಡೆ, ಮನಸ್ಸಿನಲ್ಲಿ.

ಹಳ್ಳಿಯ ತಂಡದಲ್ಲಿ ತಿಪ್ಪಮ್ಮ ಎಂಬವಳಿದ್ದಳು. ಕಪ್ಪಗೆ, ಉದ್ದಕ್ಕೆ, ಬರಿಗಾಲಿನ ಹುಡುಗಿ. ನಮಗೆಲ್ಲ ನಿಕ್ಕರು, ಬಿಳಿ ಬೂಟು. ಅವರಿಗೆ ಶಾಲೆಯ ನೀಲಿ ಲಂಗವೇ ಆಟದ ಬಟ್ಟೆ. ಅವಳು ಅಟ್ಟಿಸಿಕೊಂಡು ಬಂದರೆ ಹೆಜ್ಜೆಯ ಸದ್ದೇ ಕೇಳುತ್ತಿರಲಿಲ್ಲ, ಲಂಗದ ಸದ್ದು ಮಾತ್ರ ಫಡಫಡ ಎನ್ನುತ್ತಿತ್ತು.

ಕೊನೆಯ ಸರದಿ. ಓಡುವವರು ನಾವು, ಅಟ್ಟುವವರು ಅವರು. ಅಂಕ ಸಮಸಮ. ನಮ್ಮ ಕಡೆ ಅಂಗಳದಲ್ಲಿ ಉಳಿದವಳು ನಾನೊಬ್ಬಳೇ. ಸಮಯ ಮುಗಿಯುವವರೆಗೆ ಸಿಗದೆ ಉಳಿದರೆ ಮತ್ತೊಂದು ಸರದಿ, ಸಿಕ್ಕಿದರೆ ಅವರು ಗೆದ್ದಂತೆ. ತಿಪ್ಪಮ್ಮ ನನ್ನನ್ನು ಕಂಬದವರೆಗೆ ದೂಡಿಕೊಂಡು ಬಂದಳು. ನಾನು ಎಂದಿನಂತೆ ಒಂದು ಕಡೆ ಭುಜ ತೋರಿಸಿ ಇನ್ನೊಂದು ಕಡೆಗೆ ತಿರುಗಿದೆ. ಅವಳು ಮೋಸ ಹೋಗಲಿಲ್ಲ. ಒಂದು ಕೈಯಲ್ಲಿ ಕಂಬ ಹಿಡಿದು, ಇಡೀ ಮೈಯನ್ನು ಗಾಳಿಗೆ ಎಸೆದು, ಇನ್ನೊಂದು ಕೈ ಚಾಚಿದಳು. ಆ ಬೆರಳುಗಳು ನನ್ನ ಬೆನ್ನ ಹಿಂದೆ ಗಾಳಿಯನ್ನು ಗೀರಿಕೊಂಡು ಹೋದದ್ದು ನನಗೆ ಗೊತ್ತಾಯಿತು. ಮುಟ್ಟಲಿಲ್ಲ.

ಅಪ್ಪನ ಸೀಟಿ ಊದಿತು. ಔಟ್.

ಹಳ್ಳಿಯ ಹುಡುಗಿಯರು ಹೋ ಎಂದು ಕುಣಿದರು. ನಾನು ನಿಂತಲ್ಲೇ ನಿಂತೆ. ಅಷ್ಟರಲ್ಲಿ ಕಂಬದ ಬುಡದಲ್ಲಿ ಬಿದ್ದಿದ್ದ ತಿಪ್ಪಮ್ಮ ಮಣ್ಣು ಕೊಡವಿಕೊಂಡು ಎದ್ದು, ಅಪ್ಪನ ಮುಂದೆ ಬಂದು ಹೇಳಿದಳು: "ಸಾರ್, ನಾನು ಮುಟ್ಲಿಲ್ಲ ಸಾರ್."

ಕುಣಿತ ನಿಂತಿತು. ಅವರ ಮೇಷ್ಟ್ರು ಗೆರೆಯ ಆಚೆಯಿಂದ, "ಏಯ್ ತಿಪ್ಪಿ, ಬಾಯ್ಮುಚ್ಚು!" ಎಂದು ಗದರಿದರು.

"ಕೈಗೆ ಸಿಗ್ಲಿಲ್ಲ ಸಾರ್. ಸ್ವಲ್ಪದಾಗೆ ತಪ್ಪೋತು."

ಅಪ್ಪ ಖಾದರ್ ಮೇಷ್ಟ್ರ ಕಡೆ ನೋಡಿದರು. ಖಾದರ್ ಮೇಷ್ಟ್ರು ತಲೆ ಅಲ್ಲಾಡಿಸಿದರು. "ನಾನು ಕಾಲು ನೋಡ್ತಿದ್ದೆ ಸಾರ್, ಫೌಲ್ ಆಯ್ತದೇನೋ ಅಂತ. ಕೈ ನೋಡ್ಲಿಲ್ಲ."

ಅಪ್ಪ ನನ್ನ ಕಡೆ ನೋಡಲಿಲ್ಲ. ಅದನ್ನೇ ನಾನು ಬಹಳ ದಿನ ಮರೆಯಲಿಲ್ಲ. ಸುತ್ತ ನಿಂತವರೆಲ್ಲ ನನ್ನನ್ನು ನೋಡುತ್ತಿದ್ದರು, ಅಪ್ಪ ಒಬ್ಬರು ಮಾತ್ರ ನೋಡಲಿಲ್ಲ. ಸೀಟಿಯನ್ನು ಮತ್ತೆ ಬಾಯಿಗಿಟ್ಟು, ಮೊದಲಿಗಿಂತ ಜೋರಾಗಿ ಊದಿ, ಕೈ ಎತ್ತಿದರು. ಔಟ್ ಔಟೇ.

ಮನೆಗೆ ಬಂದವಳು ಅಡಿಗೆಮನೆಯ ಮೂಲೆಯಲ್ಲಿ ಅಕ್ಕಿ ಮೂಟೆಗೆ ಒರಗಿ ಕೂತೆ. ಊಟಕ್ಕೆ ಕರೆದರೆ ಏಳಲಿಲ್ಲ. ಅಮ್ಮ ಅಪ್ಪನಿಗೆ ಮುದ್ದೆ ಬಡಿಸುತ್ತಾ ಶುರುಮಾಡಿದಳು.

"ಮುಟ್ಟಿದೋಳೇ ಮುಟ್ಟಿಲ್ಲ ಅಂದ್ರೆ ಅದಕ್ಕಿಂತ ಸಾಕ್ಷಿ ಏನ್ರಿ ಬೇಕು ನಿಮಗೆ?"

"ಆಡೋರ ಮಾತು ಸಾಕ್ಷಿ ಅಲ್ಲ. ಇವತ್ತು ಒಬ್ಬಳು ನಿಜ ಹೇಳಿದ್ಲು ಅಂತ ಕೇಳಿದ್ರೆ, ನಾಳೆ ಸುಳ್ಳು ಹೇಳೋಳ ಮಾತೂ ಕೇಳ್ಬೇಕಾಗ್ತೈತೆ."

"ಹಂಗಾದ್ರೆ ನಿಮ್ಮ ಕಣ್ಣಿಗೆ ಕಾಣ್ತಾ, ಮುಟ್ಟಿದ್ದು?"

ಅಪ್ಪ ಮುದ್ದೆ ಮುರಿದರು. ಅಮ್ಮ ಅಷ್ಟಕ್ಕೇ ಬಿಟ್ಟಳು. ಎಲ್ಲಿ ಬಿಡಬೇಕು ಎನ್ನುವುದು ಅವಳಿಗೆ ಗೊತ್ತಿತ್ತು.

ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಮಾತು ಬಿಡುವುದು ಎಂದರೆ ಆ ವಯಸ್ಸಿನಲ್ಲಿ ಎಷ್ಟು ಕಷ್ಟದ ಕೆಲಸ ಎಂದು ನಿಮಗೂ ಗೊತ್ತಿರಬಹುದು. ಲೆಕ್ಕ ಹೇಳಿಸಿಕೊಳ್ಳಬೇಕು, ಸೈಕಲ್ಲಿಗೆ ಗಾಳಿ ಹೊಡೆಸಬೇಕು, ಎಲ್ಲದಕ್ಕೂ ತಮ್ಮನನ್ನು ನಡುವೆ ದೂತನಾಗಿ ಇಟ್ಟುಕೊಂಡೆ. "ಅಪ್ಪಂಗೆ ಹೇಳು, ಪಂಪು ಬೇಕಂತೆ." ಅಪ್ಪ ಎದುರಿಗೇ ಕೂತು, "ಅವಳಿಗೆ ಹೇಳು, ಬಚ್ಚಲ ಹಿಂದೆ ಐತಂತೆ" ಎನ್ನುತ್ತಿದ್ದರು. ದೂತ ಇಬ್ಬರಿಂದಲೂ ಬೆಲ್ಲ ವಸೂಲಿ ಮಾಡುತ್ತಿದ್ದ.

ಭಾನುವಾರ ಬೆಳಗ್ಗೆ ಖಾದರ್ ಮೇಷ್ಟ್ರು ಸೈಕಲ್ ಒರಗಿಸಿ ಒಳಗೆ ಬಂದರು. ಟೀ ಲೋಟ ಕೈಗೆ ತೆಗೆದುಕೊಂಡು, ಕುಡಿಯದೆ, "ಸಾರ್, ಆ ಹುಡುಗಿನ ಟೀಮಿಂದ ತೆಗೆದವ್ರಂತೆ" ಎಂದರು.

"ಯಾವ ಹುಡುಗಿ?"

"ತಿಪ್ಪಮ್ಮ. ಗೆದ್ದ ಮ್ಯಾಚನ್ನ ಬಾಯಾರೆ ಕಳೀತಿದ್ಲು, ಇಂಥ ಸತ್ಯವಂತೆ ನಮಗೆ ಬ್ಯಾಡ ಅಂತ ಅವರ ಮೇಷ್ಟ್ರು ಎಲ್ಲರ ಮುಂದೆ ಬೈದು ಕೂರ್ಸಿದ್ರಂತೆ. ಜೊತೆ ಹುಡುಗೀರೂ ಮಾತಾಡಿಸ್ತಿಲ್ವಂತೆ. ಸಂತೇಲಿ ಅವಳ ಮಾವ ಸಿಕ್ಕಿದ್ದ, ಹೇಳ್ದ."

ಖಾದರ್ ಮೇಷ್ಟ್ರು ಟೀ ಕುಡಿದು ಹೋಗಲು ಎದ್ದಾಗ ಅಪ್ಪ, "ಕುಂತ್ಕಳ್ರಿ, ಕೆಲ್ಸ ಐತೆ" ಎಂದು ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಆಮೇಲೆ ಅಮ್ಮನ ಹೆಸರು ಹಿಡಿದು ಕೂಗಿದರು. ಆಮೇಲೆ, ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ತಮ್ಮನ ನೆರವಿಲ್ಲದೆ, "ಉಮಾ" ಎಂದರು.

ಹಿತ್ತಿಲಲ್ಲಿ ಹೀರೆಕಾಯಿ ಚಪ್ಪರವಿತ್ತು. ಅದರ ಮೂಲೆಯ ಕಂಬವೇ ಖೋಖೋ ಕಂಬ ಎಂದು ಅಪ್ಪ ಗೊತ್ತುಮಾಡಿದರು. ಅಮ್ಮನ ರಂಗೋಲಿ ಡಬ್ಬಿ ತರಿಸಿ ಗೆರೆ ಎಳೆದರು. ಖಾದರ್ ಮೇಷ್ಟ್ರನ್ನು ಆಚೆ ಬದಿಗೆ, ಅವತ್ತು ನಿಂತಿದ್ದ ಹಾಗೆಯೇ ನಿಲ್ಲಿಸಿದರು. ತಾವು ಈಚೆ ಬದಿಗೆ ಹತ್ತಡಿ ಅಳೆದು ನಿಂತರು. ನಾನು ನಾನೇ. ತಿಪ್ಪಮ್ಮ ಯಾರು?

"ನೀನು ಕಂಬ ಹಿಡ್ಕಂಡು ಬಾಗು" ಎಂದರು ಅಪ್ಪ, ಅಮ್ಮನಿಗೆ.

"ನಿಮಗೇನು ಬಂದೈತ್ರೀ? ಒಲೆ ಮ್ಯಾಲೆ ಬ್ಯಾಳೆ ಐತೆ."

"ಬೇಯ್ಲಿ. ಬಾ."

ನಮ್ಮಮ್ಮ ದಪ್ಪನೆಯ ಹೆಂಗಸು, ನಾಚಿಕೆಯ ಹೆಂಗಸು. ಪರಪುರುಷರು ಬಂದರೆ ಬಾಗಿಲ ಹಿಂದೆ ನಿಂತು ಮಾತಾಡುವವಳು. ಅಂಥವಳು ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಚಪ್ಪರದ ಕಂಬ ಹಿಡಿದು, ಇನ್ನೊಂದು ಕೈ ಚಾಚಿ ನನ್ನ ಹಿಂದೆ ಬಾಗಿದಳು. ಚಪ್ಪರ ಗಡಗಡ ಅಲುಗಿ ಎರಡು ಹೀರೆಕಾಯಿ ಉದುರಿದವು. ಅಜ್ಜಿ ಒರಳುಕಲ್ಲಿನ ಮೇಲೆ ಕೂತು ನೋಡುತ್ತಿದ್ದರು.

"ಮುಟ್ಟಿದ್ಯಾ?" ಎಂದರು ಅಪ್ಪ.

"ನನ್ನ ಕೇಳಿದ್ರೆ? ಆಡೋರ ಮಾತು ಸಾಕ್ಷಿ ಅಲ್ಲ. ಅಂಪೈರು ನೀವು, ನೀವೇ ಹೇಳ್ರಿ."

ಖಾದರ್ ಮೇಷ್ಟ್ರು ಕೆಮ್ಮುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು.

ಅಪ್ಪ ಕಣ್ಣು ಕಿರಿದು ಮಾಡಿ, "ಮುಟ್ಟಿದೀಯ" ಎಂದರು.

"ಇಲ್ಲ" ಎಂದೆ ನಾನು.

ಇನ್ನೊಮ್ಮೆ ಆಯಿತು. "ಈಗ ಮುಟ್ಟಿಲ್ಲ" ಎಂದರು ಅಪ್ಪ. ಈ ಸಲ ಅಮ್ಮನ ಬೆರಳು ನನ್ನ ಬೆನ್ನಿಗೆ ಸರಿಯಾಗಿಯೇ ಚುಚ್ಚಿತ್ತು. ಮತ್ತೊಮ್ಮೆ, ಇನ್ನೊಮ್ಮೆ. ಅಪ್ಪ ಒಂದು ಹೆಜ್ಜೆ ಮುಂದೆ ಬಂದರು, ಒಂದು ಹೆಜ್ಜೆ ಹಿಂದೆ ಹೋದರು, ಬಗ್ಗಿದರು. ಅಮ್ಮ ಬಾಗಿದಾಗಲೆಲ್ಲ ಸೀರೆಯ ನೆರಿಗೆ ಬೀಸಣಿಗೆಯಂತೆ ಬಿಚ್ಚಿಕೊಂಡು ಕಂಬದ ಆಚೆಗಿನದನ್ನೆಲ್ಲ ಮುಚ್ಚಿಬಿಡುತ್ತಿತ್ತು. ಒಂದು ಸಲ ಸರಿ ಹೇಳಿದರೆ ಎರಡು ಸಲ ತಪ್ಪು ಹೇಳಿದರು. ನಾಣ್ಯ ಚಿಮ್ಮಿದ್ದರೂ ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು.

"ನಾನು ಕುಂತಲ್ಲಿಂದ ಚಂದಾಗಿ ಕಾಣ್ತೈತಲ್ಲೋ" ಎಂದರು ಅಜ್ಜಿ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಯಾರೂ ನಗಲಿಲ್ಲ, ಏಕೆಂದರೆ ಅಪ್ಪ ಅಲ್ಲೇ ತೆಂಗಿನ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು.

"ಲಂಗ" ಎಂದರು ಮೆಲ್ಲಗೆ. "ಅವಳ ಲಂಗ ಅಡ್ಡ ಬಂದಿತ್ತು. ಕೈ ನನಗೆ ಕಂಡೇ ಇಲ್ಲ."

"ಮತ್ತೆ ಯಾಕೆ ಊದಿದ್ರಿ ಸಾರ್?" ಖಾದರ್ ಮೇಷ್ಟ್ರು ಕೇಳಿದರು. ಆ ದನಿಯಲ್ಲಿ ತಮಾಷೆ ಇರಲಿಲ್ಲ.

ಅಪ್ಪ ಈಗ ನನ್ನನ್ನು ನೋಡಿದರು. "ಇವಳು ಅಂತ ಊದಿದೆ ಕಣ್ರಿ. ಅನುಮಾನ ಬಂದ್ರೆ ಓಡೋರಿಗೆ ಬಿಡಬೇಕು ಅಂತ ಹುಡುಗರಿಗೆ ನಾನೇ ಪಾಠ ಮಾಡ್ತೀನಿ. ಬೇರೆ ಯಾವ ಹುಡುಗಿ ಆಗಿದ್ರೂ ಬಿಡ್ತಿದ್ದೆ. ಇವಳಿಗೆ ಬಿಟ್ರೆ ಜನ ಏನಂತಾರೋ ಅಂತ, ಸೀಟಿ ಬಾಯಲ್ಲಿ ಅದಾಗೇ ಊದೋಯ್ತು."

ನಾನು ಅಷ್ಟು ದಿನ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಳು ಬಂತು. ಅಮ್ಮ ಸೆರಗು ಬಿಚ್ಚಿ ನನ್ನ ಮುಖ ಒರೆಸಿ, ಬೇಳೆ ಸೀದ ವಾಸನೆ ಬಂದದ್ದರಿಂದ ಒಳಗೆ ಓಡಿದಳು.

ಮಾರನೆಯ ದಿನ ಅಪ್ಪ ರಜೆ ಹಾಕಿದರು. ನಾನು, "ಮೊದಲು ನಮ್ಮ ಟೀಮಿಗೆ ಹೇಳಪ್ಪ" ಎಂದೆ. ಇಡೀ ಶಾಲೆ ನಾನೇ ಸೋಲಿಸಿದೆ ಎಂದು ನೋಡುತ್ತಿತ್ತು.

"ಹೇಳ್ತೀನಿ. ನಿಮಗೆ ಸೋಲಾಗೈತೆ, ಆ ಹುಡುಗಿಗೆ ಶಿಕ್ಷೆ ಆಗೈತೆ. ಶಿಕ್ಷೇದು ಮೊದಲು. ನೀನೂ ಬಾ, ಹೋಗಾಣ."

ಬಸ್ ನಿಲ್ದಾಣಕ್ಕೆ ಹೋದರೆ ಖಾದರ್ ಮೇಷ್ಟ್ರು ಮೊದಲೇ ಬಂದು ಬಸ್ಸಿನ ಸೀಟುಗಳಿಗೆ ಕರ್ಚೀಫು ಹಾಕಿ ಕೂತಿದ್ದರು. "ನೀವ್ಯಾಕೆ ಬಂದ್ರಿ?" ಎಂದರೆ, "ಅರ್ಧ ಕಂಬ ನನ್ನ ಕಡೇದಲ್ವಾ ಸಾರ್" ಎಂದರು.

ತೆಂಗಿನ ತೋಟಗಳು ಮುಗಿದು ಜಾಲಿಗಿಡದ ಬಯಲು ಶುರುವಾಗಿ, ದೂರದಲ್ಲಿ ಹಿನ್ನೀರು ಮಿರುಗಿತು. ಶಾಲೆ ಊರ ಹೊರಗಿತ್ತು. ನಮ್ಮನ್ನು ಕಂಡ ತಕ್ಷಣ ಅಲ್ಲಿಯ ಡ್ರಿಲ್ ಮೇಷ್ಟ್ರ ಮುಖ ಬಿಳುಚಿತು. ಗೆಲುವನ್ನು ಕಿತ್ತುಕೊಳ್ಳಲು ಬಂದಿದ್ದಾರೆ ಎಂದು ಅವರು ತಿಳಿದರು.

"ಗೆದ್ದಿದ್ದು ನಿಮ್ಮೋರೇ" ಎಂದರು ಅಪ್ಪ, ಕೂರುವ ಮೊದಲೇ. "ಗ್ರೌಂಡ್ ಬಿಟ್ಟು ಬಂದ ಮೇಲೆ ಅದನ್ನ ತಿರುಗ್ಸೋ ಹಕ್ಕು ನನಗಿಲ್ಲ. ಆ ತಿಪ್ಪಮ್ಮನ್ನ ಕರೀರಿ."

ತಿಪ್ಪಮ್ಮ ಬಂದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಕಿಟಕಿಯ ತುಂಬ ಹುಡುಗಿಯರ ತಲೆಗಳು. ಅಪ್ಪ ಎದ್ದು ನಿಂತರು. ಆ ದಪ್ಪ ಮೀಸೆಯ ಮನುಷ್ಯ, ಸಾವಿರ ಜನರ ಮುಂದೆ ಸೀಟಿ ಊದಿದವರು, ಒಂದು ಹುಡುಗಿಯ ಮುಂದೆ ಮಾತು ಹುಡುಕುತ್ತಿದ್ದರು.

"ಅವತ್ತು ನೀನು ಹೇಳಿದ್ದು ನಿಜ ಇತ್ತವ್ವ. ನೀನು ಮುಟ್ಟಿರಲಿಲ್ಲ. ನನಗೆ ಕಂಡಿರಲಿಲ್ಲ, ಕಾಣದೇನೇ ಕೊಟ್ಟೆ. ನೋಡಿ ಕೊಟ್ಟಿದ್ದನ್ನ ಊರು ಎದ್ರಿಗೆ ನಿಂತ್ರೂ ಬದಲಾಯಿಸಬಾರದು. ನೋಡದೇ ಕೊಟ್ಟಿದ್ದನ್ನ ಇಟ್ಕಳಬಾರದು. ಅದಕ್ಕೇ ಬಂದೆ."

"ಗೊತ್ತಿತ್ತು ಸಾರ್" ಎಂದಳು ತಿಪ್ಪಮ್ಮ. "ನನ್ನ ಲಂಗ ಅಡ್ಡ ಬಂದಿತ್ತು ನಿಮಗೆ."

ಅಪ್ಪ ತಬ್ಬಿಬ್ಬಾದರು. "ಮತ್ತೆ ಅವತ್ತೇ ಹೇಳೋದಲ್ವಾ?"

"ಹೇಳಿದ್ನಲ್ಲ ಸಾರ್, ಮುಟ್ಲಿಲ್ಲ ಅಂತ. ನೀವು ಕೇಳ್ಲಿಲ್ಲ."

ಖಾದರ್ ಮೇಷ್ಟ್ರು ಈ ಸಲ ಕೆಮ್ಮುವ ನೆಪ ಹೂಡಲಿಲ್ಲ, ಜೋರಾಗಿಯೇ ನಕ್ಕರು.

ಅವರ ಡ್ರಿಲ್ ಮೇಷ್ಟ್ರು ಮಾತ್ರ ಇನ್ನೂ ಬಿಗಿಯಾಗಿದ್ದರು. "ಸಾರ್, ನಿಮ್ಮ ಮಾತು ಸರಿ. ಆದ್ರೆ ಇವಳನ್ನ ಕರ್ಕಂಡು ಹೋದ್ರೆ ಚಿತ್ರದುರ್ಗದಾಗೂ ಹಿಂಗೇ ಹೇಳ್ತಾಳಲ್ಲ. ಉಳಿದ ಹುಡುಗೀರ ಗತಿ ಏನು?"

"ಹೇಳ್ಲಿ ಬಿಡ್ರಿ" ಎಂದರು ಅಪ್ಪ. "ಯಾವ ಅಂಪೈರು ಕೇಳ್ತಾನೆ? ನಾನೇ ಕೇಳ್ಲಿಲ್ಲ."

ಕಿಟಕಿಯ ತಲೆಗಳು ಕಿಸಕ್ಕನೆ ನಕ್ಕವು. ನಗು ಒಬ್ಬರಿಂದೊಬ್ಬರಿಗೆ ಅಂಟಿಕೊಂಡು ಕೊನೆಗೆ ಆ ಮೇಷ್ಟ್ರ ತುಟಿಗೂ ಬಂತು. ಅವರು ಕೆಟ್ಟವರೇನಲ್ಲ. ಅವರ ಶಾಲೆ ಅದುವರೆಗೆ ಏನನ್ನೂ ಗೆದ್ದಿರಲಿಲ್ಲ, ಗೆದ್ದದ್ದು ಕೈಜಾರಿ ಹೋಗುತ್ತದೆಂಬ ಭಯ ಅವರನ್ನು ಹಾಗೆ ಮಾಡಿಸಿತ್ತು. "ಹೋಗು, ಸಂಜೆ ಪ್ರಾಕ್ಟೀಸಿಗೆ ಬಾ" ಎಂದು ತಿಪ್ಪಮ್ಮನಿಗೆ ಹೇಳಿದರು. ಅವಳು ಹೋಗುವಾಗ ನನ್ನ ಹತ್ತಿರ ನಿಂತು, "ನಿನ್ನ ಆ ಭುಜ ಅಲ್ಲಾಡ್ಸೋದು ಹೆಂಗೆ, ತೋರ್ಸೇ" ಎಂದಳು. ಬಸ್ಸು ಬರುವವರೆಗೆ ಶಾಲೆಯ ಹಿಂದೆ ನಾವಿಬ್ಬರೂ ಅದನ್ನೇ ಮಾಡಿದೆವು.

ಮರುದಿನ ನಮ್ಮ ಶಾಲೆಯ ಪ್ರಾರ್ಥನೆಯ ಹೊತ್ತಿಗೂ ಅಪ್ಪ ಬಂದರು, ಹೇಳಬೇಕಾದದ್ದನ್ನು ಹೇಳಿದರು. ನಮ್ಮ ಹುಡುಗಿಯರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆಗಬೇಕಾದ್ದೂ ಇಲ್ಲ. ನನ್ನನ್ನು ಮಾತ್ರ ಮತ್ತೆ ಮಾತನಾಡಿಸತೊಡಗಿದರು. ಊರಿನಲ್ಲಿ ಕೆಲವರು, ಇನ್ನು ಮೇಲೆ ಇವರ ಸೀಟಿಗೆ ಯಾರು ಬೆಲೆ ಕೊಡುತ್ತಾರೆ ಎಂದರು. ಆದರೆ ಮುಂದಿನ ವರ್ಷಗಳಲ್ಲಿ ಕಲ್ಲು ತೂರುವ ಊರುಗಳಲ್ಲೂ ಅಪ್ಪ ಔಟ್ ಕೊಟ್ಟರೆ ಜನ ಗೊಣಗಿಕೊಂಡು ಸುಮ್ಮನಾಗುತ್ತಿದ್ದರಂತೆ. ಆ ಮನುಷ್ಯನಿಗೆ ಕಾಣದಿದ್ದರೆ ಬಂದು ಹೇಳುತ್ತಾನೆ ಎಂದು ಅವರಿಗೆ ಗೊತ್ತಾಗಿತ್ತಂತೆ. ಇದು ಖಾದರ್ ಮೇಷ್ಟ್ರು ಹೇಳಿದ್ದು, ಅವರು ಗೆಳೆಯನ ವಿಷಯದಲ್ಲಿ ಸ್ವಲ್ಪ ಉಪ್ಪು ಖಾರ ಸೇರಿಸುವವರು.

ನಾನೂ ಈಗ ಟೀಚರು. ಉತ್ತರಪತ್ರಿಕೆ ಹಿಡಿದು, "ಮೇಡಂ, ಇದಕ್ಕೆ ಯಾಕೆ ಅಂಕ ಕೊಟ್ಟಿಲ್ಲ?" ಎಂದು ಬರುವ ಮಕ್ಕಳ ಮುಂದೆ ನನಗೂ ಒಳಗೊಳಗೇ ಮೀಸೆ ಬೆಳೆಯುತ್ತದೆ. ಕೊಟ್ಟದ್ದು ಕೊಟ್ಟದ್ದೇ ಎನ್ನಲು ನಾಲಗೆ ತವಕಿಸುತ್ತದೆ. ಆಗ ಚಪ್ಪರದ ಕಂಬ ಹಿಡಿದು ಬಾಗಿದ ಅಮ್ಮ ಕಣ್ಣ ಮುಂದೆ ಬರುತ್ತಾಳೆ, ನಾನು ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದುತ್ತೇನೆ. ಹೆಚ್ಚಿನ ಸಲ ನಾನು ಕೊಟ್ಟದ್ದೇ ಸರಿಯಿರುತ್ತದೆ ಎನ್ನುವುದನ್ನೂ ಹೇಳಿಬಿಡುತ್ತೇನೆ, ನನ್ನ ಮರ್ಯಾದೆಗೆ.

ಆ ವರ್ಷದ ಜಿಲ್ಲಾ ಪಂದ್ಯದ ದಿನ ಅಪ್ಪ, ಖಾದರ್ ಮೇಷ್ಟ್ರ ಜೊತೆಗೆ, ನನ್ನನ್ನೂ ನಮ್ಮ ತಂಡದ ಕೆಲವರನ್ನೂ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು, ನೋಡುವುದಕ್ಕೆ. ಮೈದಾನದ ಮೆಟ್ಟಿಲಿನ ಮೇಲೆ ಅಪ್ಪ ಸೀಟಿಯಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪ್ರೇಕ್ಷಕರು ಅಂಪೈರಿಗೆ ಎದುರು ಮಾತಾಡಬಾರದು ಎಂದು ದಾರಿಯುದ್ದಕ್ಕೂ ನಮಗೆ ಪಾಠ ಮಾಡಿದ್ದರು.

ತಿಪ್ಪಮ್ಮ ಓಡಲು ಇಳಿದಳು. ಯಾರೋ ನಿಕ್ಕರು ಕೊಡಿಸಿದ್ದರು, ಕಾಲು ಮಾತ್ರ ಬರಿಗಾಲೇ. ಅವಳು ಕಂಬದ ಹತ್ತಿರ ನನ್ನ ಹಾಗೆಯೇ ಭುಜ ತೋರಿಸಿ ಜಾರಿಕೊಂಡಾಗ ನಾನು ಎದ್ದು ಕುಣಿದೆ. ಪಟ್ಟಣದ ಹುಡುಗಿಯರು ಒಬ್ಬರಾದ ಮೇಲೊಬ್ಬರು ಅಟ್ಟಿದರು, ಸಿಗಲಿಲ್ಲ. ಕೊನೆಗೆ ಒಬ್ಬಳು ಹಿಂದಿನಿಂದ ನುಗ್ಗಿ ಕೈ ಚಾಚಿದಳು. ಸೀಟಿ ಊದಿತು.

ನನ್ನ ಪಕ್ಕದಲ್ಲಿ ಯಾರೋ ನೆಗೆದು ನಿಂತು, "ಏ ಸ್ವಾಮಿ! ಮುಟ್ಟಿಲ್ಲ! ಕಣ್ಣು ಕಾಣಲ್ವೇನ್ರಿ?" ಎಂದು ಮೈದಾನ ಅದುರುವಂತೆ ಕೂಗಿದರು. ತಿರುಗಿ ನೋಡಿದರೆ ಅಪ್ಪ. ಖಾದರ್ ಮೇಷ್ಟ್ರು ಅವರ ಅಂಗಿ ಹಿಡಿದು ಜಗ್ಗುತ್ತಿದ್ದರು. ಅಪ್ಪ ಕೂರಲಿಲ್ಲ. "ನಾನು ನೋಡ್ದೆ ಕಣ್ರಿ, ಮುಟ್ಟಿಲ್ಲ!"

ತಿಪ್ಪಮ್ಮ ಅಂಗಳದಿಂದ ಹೊರಬಿದ್ದು, ಏದುಸಿರು ಬಿಡುತ್ತಾ ನೇರವಾಗಿ ನಾವು ಕೂತಲ್ಲಿಗೆ ಬಂದಳು. ಕೆಳಗಿನ ಮೆಟ್ಟಿಲಿನಿಂದ ಅಪ್ಪನ ಮುಖ ನೋಡಿ, "ಮುಟ್ಟಿದ್ಲು ಸಾರ್" ಎಂದಳು. "ಬೆನ್ನಿಗೇ ತಾಗ್ತು. ಅವ್ರು ಸರಿಯಾಗೇ ಕೊಟ್ರು."

ಅಪ್ಪ ಬಾಯಿ ತೆರೆದುಕೊಂಡು ಹಾಗೇ ನಿಂತಿದ್ದರು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಏ ಯಜಮಾನ್ರೇ, ಕುಂತ್ಕಳ್ರಿ! ನಮಗೆ ಕಾಣ್ತಿಲ್ಲ."

ಅಪ್ಪ ಕೂತರು.